ವೇದಿಕೆಯ ಮೇಲೆ ಇಲ್ಲದ ಪಿಟೀಲುಗಳು



ಬೆಂಗಳೂರಿನ ದಕ್ಷಿಣಕ್ಕೆ, ಬನ್ನೇರುಘಟ್ಟ ರಸ್ತೆಯಲ್ಲಿ ಗೊಟ್ಟಿಗೆರೆ ಎಂಬ ಊರಿದೆ. ಅಲ್ಲಿ ಗಣೇಶೋತ್ಸವ ನಡೆಯುತ್ತಿದೆ, ರಾತ್ರಿ ಆರ್ಕೆಸ್ಟ್ರಾ ಏರ್ಪಾಡಾಗಿದೆ, ನೀವು ಮುಂದಿನ ಸಾಲಿನಲ್ಲಿ ಚಾಪೆಯ ಮೇಲೆ ಕುಳಿತಿದ್ದೀರಿ ಎಂದುಕೊಳ್ಳಿ. ಹಳೆಯ ಸಿನಿಮಾ ಹಾಡೊಂದು ಶುರುವಾಗುತ್ತದೆ. ಗಾಯಕರು ಬಾಯಿ ತೆರೆಯುವ ಮೊದಲೇ ಇಪ್ಪತ್ತು ಪಿಟೀಲುಗಳು ಒಟ್ಟಿಗೆ ನುಡಿದಂತೆ ಕೇಳಿಸುತ್ತದೆ.

ಈಗ ವೇದಿಕೆಯನ್ನು ಸರಿಯಾಗಿ ನೋಡಿ. ಇಬ್ಬರು ಗಾಯಕರು, ಒಬ್ಬರು ತಬಲಾ ವಾದಕರು, ಕೀಬೋರ್ಡ್ ಮುಂದೆ ಒಬ್ಬರು. ಅಷ್ಟೇ! ಒಂದು ಪಿಟೀಲೂ ಇಲ್ಲ. ಪರದೆಯ ಹಿಂದೆ ಹೋಗಿ ಹುಡುಕಿದರೂ ಸಿಗುವುದು ತಂತಿಗಳ ಗೋಜಲು ಮತ್ತು ಖಾಲಿ ಕುರ್ಚಿಗಳು ಮಾತ್ರ.

ಹಾಗಾದರೆ ಆ ಪಿಟೀಲುಗಳೆಲ್ಲಿ? ಅವನ್ನು ನುಡಿಸಿದವರು ಯಾರು? ಬನ್ನಿ, ಹುಡುಕೋಣ.

ನಾದ ಹುಟ್ಟುವ ಬಗೆ

ನಿಮ್ಮ ಕಂಪಾಸ್ ಪೆಟ್ಟಿಗೆಯ ಮುಚ್ಚಳ ತೆಗೆದು, ಅದರ ಸುತ್ತ ಒಂದು ರಬ್ಬರ್ ಬ್ಯಾಂಡ್ ಬಿಗಿದು ಮೀಟಿ. ಬ್ಯಾಂಡ್ ನಡುಗುವುದು ಕಾಣುತ್ತದೆ, ಶಬ್ದವೂ ಕೇಳುತ್ತದೆ. ಶಬ್ದವೆಂದರೆ ಕಂಪನ ಎಂದು ನೀವು ಓದಿದ್ದೀರಿ. ಒಂದು ಸೆಕೆಂಡಿನಲ್ಲಿ ಎಷ್ಟು ಸಲ ಕಂಪಿಸುತ್ತದೆ ಎಂಬುದೇ ಆವೃತ್ತಿ. ಅದನ್ನು ಹರ್ಟ್ಸ್‌ಗಳಲ್ಲಿ ಅಳೆಯುತ್ತೇವೆ. ಆವೃತ್ತಿ ಹೆಚ್ಚಿದಷ್ಟೂ ಸ್ವರ ಮೇಲಕ್ಕೆ ಹೋಗುತ್ತದೆ.

ಪಿಟೀಲಿಗೆ ನಾಲ್ಕು ತಂತಿಗಳಿವೆ. ಪಾಶ್ಚಾತ್ಯ ಪದ್ಧತಿಯಲ್ಲಿ ಅತಿ ದಪ್ಪ ತಂತಿಯನ್ನು ಸೆಕೆಂಡಿಗೆ 196 ಸಲ ಕಂಪಿಸುವಂತೆಯೂ, ಅತಿ ತೆಳು ತಂತಿಯನ್ನು ಸುಮಾರು 659 ಸಲ ಕಂಪಿಸುವಂತೆಯೂ ಬಿಗಿಯುತ್ತಾರೆ. ನಮ್ಮ ಕರ್ನಾಟಕ ಸಂಗೀತದಲ್ಲಿ ಹಾಡುವವರ ಶ್ರುತಿಗೆ ಹೊಂದುವಂತೆ ಸ, ಪ, ಸ, ಪ ಎಂದು ಶ್ರುತಿ ಮಾಡುತ್ತಾರೆ.

ತಂತಿಯನ್ನು ಉಜ್ಜುವ ಕಮಾನಿಗೆ ಕುದುರೆಯ ಬಾಲದ ಕೂದಲು ಕಟ್ಟಿರುತ್ತದೆ. ಕೂದಲಿಗೆ ರಾಳ ಸವರುತ್ತಾರೆ. ರಾಳ ಅಂಟಾದ್ದರಿಂದ ಕೂದಲು ತಂತಿಯನ್ನು ಹಿಡಿದು ಸ್ವಲ್ಪ ಎಳೆಯುತ್ತದೆ. ಬಿಗಿ ಹೆಚ್ಚಾದಾಗ ತಂತಿ ಜಾರಿ ಹಿಂದಕ್ಕೆ ಬರುತ್ತದೆ. ಮತ್ತೆ ಹಿಡಿತ, ಮತ್ತೆ ಜಾರಿಕೆ. ಸೆಕೆಂಡಿಗೆ ನೂರಾರು ಸಲ ಹೀಗೆ ನಡೆಯುತ್ತದೆ. ಈ ನಡುಕ ಕುದುರೆ ಎಂದು ಕರೆಯುವ ಸಣ್ಣ ಮರದ ತುಂಡಿನ ಮೂಲಕ ಪಿಟೀಲಿನ ಟೊಳ್ಳು ಒಡಲಿಗೆ ಇಳಿದು, ಗಾಳಿಗೆ ಹರಡಿ, ನಮ್ಮ ಕಿವಿಯನ್ನು ಸೇರುತ್ತದೆ.

ಕಮಾನನ್ನು ಒತ್ತಿ ಎಳೆದರೆ ಒಂದು ಬಗೆಯ ನಾದ, ಹಗುರವಾಗಿ ಎಳೆದರೆ ಇನ್ನೊಂದು ಬಗೆ. ಕುದುರೆಯ ಹತ್ತಿರ ಉಜ್ಜಿದರೆ ಕಟುವಾದ ನಾದ, ದೂರ ಉಜ್ಜಿದರೆ ಮೃದುವಾದ ನಾದ. ಇದನ್ನು ನೆನಪಿಡಿ, ಮುಂದೆ ಬೇಕಾಗುತ್ತದೆ.

ಒಂದಗುಳು ಅನ್ನ

ಅನ್ನ ಬೆಂದಿದೆಯೇ ಎಂದು ತಿಳಿಯಲು ಅಮ್ಮ ಏನು ಮಾಡುತ್ತಾರೆ? ಒಂದು ಅಗುಳು ತೆಗೆದು ಹಿಸುಕಿ ನೋಡುತ್ತಾರೆ. ಅಂಗಡಿಯವರು ಮೂಟೆಯಿಂದ ಒಂದು ಹಿಡಿ ಅಕ್ಕಿ ತೋರಿಸುತ್ತಾರೆ. ಇದು ಮಾದರಿ, ಅಂದರೆ ಸ್ಯಾಂಪಲ್.

ಸಂಗೀತದಲ್ಲೂ ಹೀಗೆಯೇ. ನಿಜವಾದ ಕಲಾವಿದರೊಬ್ಬರು ನಿಜವಾದ ಪಿಟೀಲಿನಲ್ಲಿ ಒಂದೇ ಒಂದು ಸ್ವರ ನುಡಿಸುತ್ತಾರೆ. ಅದನ್ನು ಧ್ವನಿಮುದ್ರಿಸಿಕೊಳ್ಳುತ್ತಾರೆ. ಅದೊಂದು ಸ್ಯಾಂಪಲ್. ಹೀಗೆ ಒಂದೊಂದೇ ಸ್ವರವನ್ನು ಮುದ್ರಿಸಿ, ಒಂದೊಂದನ್ನೂ ಕೀಬೋರ್ಡಿನ ಒಂದೊಂದು ಮನೆಗೆ ಜೋಡಿಸಿಡುತ್ತಾರೆ. ಮನೆ ಒತ್ತಿದಾಗ ಆ ಮುದ್ರಣ ಕೇಳಿಸುತ್ತದೆ.

ಅಂದರೆ ಗಣೇಶನ ಪೆಂಡಾಲಿನಲ್ಲಿ ಕೇಳಿದ ಪಿಟೀಲುಗಳನ್ನು ಯಾರೋ, ಎಲ್ಲೋ, ಎಂದೋ ನಿಜವಾಗಿ ನುಡಿಸಿರಬೇಕು.

ಈ ಉಪಾಯ ಕಂಪ್ಯೂಟರ್‌ಗಿಂತ ಮೊದಲೇ ಹೊಳೆದಿತ್ತು. 1963ರಲ್ಲಿ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್‌ನಲ್ಲಿ ಮೆಲೊಟ್ರಾನ್ ಎಂಬ ವಾದ್ಯ ತಯಾರಾಯಿತು. ಅದಕ್ಕೂ ಮೊದಲು ಅಮೆರಿಕದ ಹ್ಯಾರಿ ಚೇಂಬರ್ಲಿನ್ ಇಂಥದೇ ವಾದ್ಯ ಮಾಡಿದ್ದರು. ಮೆಲೊಟ್ರಾನ್‌ನ ಪ್ರತಿ ಮನೆಯ ಕೆಳಗೂ ಕ್ಯಾಸೆಟ್ಟಿನಲ್ಲಿರುವಂಥ ಟೇಪಿನ ಪಟ್ಟಿ ಇರುತ್ತಿತ್ತು. ಆ ಪಟ್ಟಿಯಲ್ಲಿ ಪಿಟೀಲಿನ ಒಂದು ಸ್ವರ. ಮನೆ ಒತ್ತಿದರೆ ಟೇಪು ಓಡಿ ಸ್ವರ ಕೇಳುತ್ತಿತ್ತು. ಸುಮಾರು 8 ಸೆಕೆಂಡಿಗೆ ಟೇಪು ಮುಗಿಯುತ್ತಿತ್ತು! ಬೆರಳು ತೆಗೆದರೆ ಟೇಪು ಮತ್ತೆ ಹಿಂದಕ್ಕೆ ಹೋಗುತ್ತಿತ್ತು.

ನಾದ ಅಂಕಿಯಾಗುವುದು

1979ರಲ್ಲಿ ಆಸ್ಟ್ರೇಲಿಯಾದ ಸಿಡ್ನಿಯಲ್ಲಿ ಪೀಟರ್ ವೋಗೆಲ್ ಮತ್ತು ಕಿಮ್ ರೈರಿ ಎಂಬುವರು ಫೇರ್‌ಲೈಟ್ ಎಂಬ ಕಂಪ್ಯೂಟರ್ ವಾದ್ಯವನ್ನು ಹೊರತಂದರು. ಅದು ನಾದವನ್ನು ಟೇಪಿನಲ್ಲಿ ಅಲ್ಲ, ಅಂಕಿಗಳಲ್ಲಿ ಇಟ್ಟುಕೊಳ್ಳುತ್ತಿತ್ತು. ನಾದ ಅಂಕಿಯಾಗುವುದು ಹೇಗೆ? ನೀವೇ ಮಾಡಿ ನೋಡಬಹುದು.

ಮಾಡಿ ನೋಡಿ

ಬೇಕಾಗುವ ವಸ್ತುಗಳು: ಎರಡು ಗ್ರಾಫ್ ಹಾಳೆ, ಪೆನ್ಸಿಲ್, ಒಬ್ಬ ಗೆಳೆಯ ಅಥವಾ ಗೆಳತಿ.

1. ಒಂದು ಗ್ರಾಫ್ ಹಾಳೆಯಲ್ಲಿ ಅಡ್ಡಲಾಗಿ ಒಂದು ಗೆರೆ ಎಳೆಯಿರಿ. ಅದರ ಮೇಲೆ ಕೆಳಗೆ ಏರಿಳಿಯುವ ಅಲೆಯೊಂದನ್ನು ಬರೆಯಿರಿ. ನಡುವೆ ಒಂದೆರಡು ಸಣ್ಣ ಏರಿಳಿತಗಳೂ ಇರಲಿ.
2. ಪ್ರತಿ 2 ಸೆಂಟಿಮೀಟರಿಗೆ ಒಂದು ಕಡೆ, ಅಲೆ ಗೆರೆಯಿಂದ ಎಷ್ಟು ಮಿಲಿಮೀಟರ್ ಮೇಲೆ ಅಥವಾ ಕೆಳಗೆ ಇದೆ ಎಂದು ಅಳೆದು ಬರೆದುಕೊಳ್ಳಿ. ಕೆಳಗಿದ್ದರೆ ಋಣ ಚಿಹ್ನೆ ಹಾಕಿ.
3. ಅಲೆಯನ್ನು ತೋರಿಸದೆ ಅಂಕಿಗಳನ್ನು ಮಾತ್ರ ಗೆಳೆಯನಿಗೆ ಓದಿ ಹೇಳಿ. ಅವನು ಇನ್ನೊಂದು ಹಾಳೆಯಲ್ಲಿ ಚುಕ್ಕಿ ಇಟ್ಟು ಸೇರಿಸಲಿ.
4. ಎರಡು ಹಾಳೆಗಳನ್ನೂ ಹೋಲಿಸಿ. ಸಣ್ಣ ಏರಿಳಿತಗಳು ಮಾಯವಾಗಿವೆಯೇ?
5. ಈಗ ಪ್ರತಿ ಅರ್ಧ ಸೆಂಟಿಮೀಟರಿಗೆ ಒಮ್ಮೆ ಅಳೆದು ಮತ್ತೆ ಮಾಡಿ.

ಎರಡನೆಯ ಸಲ ಗೆಳೆಯನ ಅಲೆ ನಿಮ್ಮ ಅಲೆಯನ್ನೇ ಹೋಲುತ್ತದೆ, ಅಲ್ಲವೇ? ಚುಕ್ಕಿ ಹತ್ತಿರವಾದಷ್ಟೂ ಅಲೆ ನಿಖರ.

ಕಂಪ್ಯೂಟರ್ ಮಾಡುವುದೂ ಇದನ್ನೇ. ಮೈಕು ಶಬ್ದದ ಅಲೆಯನ್ನು ವಿದ್ಯುತ್ತಿನ ಅಲೆಯಾಗಿ ಬದಲಿಸುತ್ತದೆ. ಆ ಅಲೆಯನ್ನು ಯಂತ್ರ ಸೆಕೆಂಡಿಗೆ ಸಾವಿರಾರು ಸಲ ಅಳೆದು ಅಂಕಿ ಬರೆದುಕೊಳ್ಳುತ್ತದೆ. ಸಿ.ಡಿ.ಯಲ್ಲಿ ಸೆಕೆಂಡಿಗೆ 44,100 ಸಲ ಅಳೆದಿರುತ್ತಾರೆ. ಇಷ್ಟೇಕೆ? ಮನುಷ್ಯನ ಕಿವಿ ಹೆಚ್ಚೆಂದರೆ ಸುಮಾರು 20,000 ಹರ್ಟ್ಸ್‌ವರೆಗೆ ಕೇಳಬಲ್ಲದು. ಒಂದು ಕಂಪನದಲ್ಲಿ ಒಂದು ಏರು, ಒಂದು ಇಳಿತ ಇರುತ್ತವೆ. ಅದನ್ನು ಹಿಡಿಯಲು ಪ್ರತಿ ಕಂಪನಕ್ಕೆ ಎರಡಕ್ಕಿಂತ ಹೆಚ್ಚು ಅಳತೆ ಬೇಕು. 20,000ದ ಎರಡರಷ್ಟು 40,000. ಅದಕ್ಕಿಂತ ಸ್ವಲ್ಪ ಹೆಚ್ಚೇ ಇರಲಿ ಎಂದು 44,100. ಒಂದೊಂದು ಅಳತೆಗೂ 65,536 ಮೆಟ್ಟಿಲುಗಳಿರುವ ಅಳತೆಗೋಲು!

ಮರಳಿ ಕೇಳಬೇಕಾದಾಗ ಅಂಕಿಗಳಿಂದ ವಿದ್ಯುತ್ತಿನ ಅಲೆ ಮಾಡಿ, ಸ್ಪೀಕರಿನ ಪೊರೆಯನ್ನು ನಡುಗಿಸುತ್ತಾರೆ. ನಿಮ್ಮ ಗೆಳೆಯ ಚುಕ್ಕಿ ಸೇರಿಸಿದಂತೆ.

ಒಂದೇ ಸ್ವರ ಸಾಲದೇ?

ಇಲ್ಲಿ ನಿಮಗೊಂದು ಪ್ರಶ್ನೆ ಬರಬಹುದು. ಎಲ್ಲ ಸ್ವರಗಳನ್ನೂ ಏಕೆ ಮುದ್ರಿಸಬೇಕು? ಒಂದನ್ನು ಮುದ್ರಿಸಿ, ಬೇಗ ಓಡಿಸಿದರೆ ಮೇಲಿನ ಸ್ವರ, ನಿಧಾನ ಓಡಿಸಿದರೆ ಕೆಳಗಿನ ಸ್ವರ ಬರುವುದಿಲ್ಲವೇ?

ಬರುತ್ತದೆ. ಎರಡರಷ್ಟು ವೇಗದಲ್ಲಿ ಓಡಿಸಿದರೆ ಆವೃತ್ತಿ ಎರಡರಷ್ಟಾಗುತ್ತದೆ. ಕೆಳಗಿನ ಸ ಹೋಗಿ ಮೇಲಿನ ಸ ಬರುತ್ತದೆ. ಆದರೆ ಎರಡು ತೊಂದರೆಗಳಿವೆ. ಮೊದಲನೆಯದು, 4 ಸೆಕೆಂಡಿನ ಸ್ವರ 2 ಸೆಕೆಂಡಿಗೆ ಮುಗಿದುಹೋಗುತ್ತದೆ. ಎರಡನೆಯದನ್ನು ತಿಳಿಯಲು ಮನೆಯಲ್ಲಿ ಅಜ್ಜಿಯನ್ನೋ ಅಪ್ಪನನ್ನೋ ಕೇಳಿ. ಟೇಪ್ ರೆಕಾರ್ಡರಿನ ಬ್ಯಾಟರಿ ಇಳಿದಾಗ ಗಾಯಕಿಯ ದನಿ ಹೇಗಾಗುತ್ತಿತ್ತು? ಗುಹೆಯೊಳಗಿಂದ ಯಾರೋ ದಪ್ಪ ದನಿಯವರು ಹಾಡಿದಂತೆ! ಬೇಗ ಓಡಿಸಿದರೆ ಕೀಚಲು ದನಿ.

ಹೀಗೇಕೆ? ಪಿಟೀಲಿನಲ್ಲಿ ಮೇಲಿನ ಸ್ವರ ನುಡಿಸಿದಾಗ ತಂತಿಯ ಕಂಪಿಸುವ ಭಾಗ ಮಾತ್ರ ಗಿಡ್ಡವಾಗುತ್ತದೆ. ಮರದ ಒಡಲು ಇದ್ದಷ್ಟೇ ಇರುತ್ತದೆ. ಮುದ್ರಣವನ್ನು ಬೇಗ ಓಡಿಸಿದಾಗಲೋ, ಒಡಲೂ ಕುಗ್ಗಿ ಆಟಿಕೆಯಷ್ಟು ಪಿಟೀಲಾದಂತೆ ಕೇಳುತ್ತದೆ. ಒಂದೆರಡು ಸ್ವರ ಮೇಲೆ ಕೆಳಗೆ ಸರಿಸಿದರೆ ಕಿವಿ ಸಹಿಸಿಕೊಳ್ಳುತ್ತದೆ. ಅದಕ್ಕಿಂತ ಹೆಚ್ಚಾದರೆ ಮೋಸ ಬಯಲಾಗುತ್ತದೆ. ಆದ್ದರಿಂದಲೇ ಒಳ್ಳೆಯ ಸ್ಯಾಂಪಲ್ ಬೇಕೆಂದರೆ ಸ್ವರ ಸ್ವರವನ್ನೂ ಬೇರೆ ಬೇರೆಯಾಗಿ ನುಡಿಸಿ ಮುದ್ರಿಸಬೇಕು.

ಲೆಕ್ಕ ಹಾಕಿ

ಒಂದು ಪಿಟೀಲಿನಲ್ಲಿ 40 ಸ್ವರಗಳನ್ನು ಮುದ್ರಿಸುತ್ತೇವೆ ಎಂದುಕೊಳ್ಳೋಣ. ಮೆಲ್ಲಗೆ, ಸ್ವಲ್ಪ ಜೋರು, ಜೋರು, ಬಹಳ ಜೋರು ಎಂದು 4 ಬಗೆ. ಉದ್ದ ಕಮಾನು, ಗಿಡ್ಡ ಕಮಾನು, ಬೆರಳಿನಿಂದ ಮೀಟುವುದು ಎಂದು 3 ಬಗೆ. ಒಂದೊಂದನ್ನೂ 2 ಸಲ ನುಡಿಸಬೇಕು.

40 × 4 × 3 × 2 = 960 ಮುದ್ರಣಗಳು.

ಒಂದೊಂದೂ 4 ಸೆಕೆಂಡ್ ಎಂದರೆ 3,840 ಸೆಕೆಂಡ್, ಅಂದರೆ 64 ನಿಮಿಷ. ಸಿ.ಡಿ.ಯಷ್ಟು ಗುಣಮಟ್ಟದ ಶಬ್ದಕ್ಕೆ ಎಡ ಬಲ ಎರಡೂ ಸೇರಿ ಸೆಕೆಂಡಿಗೆ 1,76,400 ಬೈಟ್ ಜಾಗ ಬೇಕು. ಗುಣಿಸಿ ನೋಡಿ. ಸುಮಾರು 67 ಕೋಟಿ 74 ಲಕ್ಷ ಬೈಟ್! ಒಂದೇ ಪಿಟೀಲಿಗೆ ಒಂದು ಸಿ.ಡಿ. ತುಂಬಿಹೋಯಿತು.

ಎರಡು ಸಲ ಏಕೆ ನುಡಿಸಬೇಕು ಎಂದಿರಾ? ನಿಮ್ಮ ಹೆಸರನ್ನು ಹತ್ತು ಸಲ ಬರೆದು ನೋಡಿ. ಹತ್ತೂ ನಿಮ್ಮದೇ ಬರಹ, ಆದರೆ ಯಾವೆರಡೂ ಒಂದೇ ಅಲ್ಲ. ರಬ್ಬರ್ ಮುದ್ರೆಯಿಂದ ಒತ್ತಿದರೆ ಹತ್ತೂ ಒಂದೇ. ಒಂದೇ ಮುದ್ರಣವನ್ನು ಬೇಗ ಬೇಗ ಮತ್ತೆ ಮತ್ತೆ ಕೇಳಿಸಿದರೆ ಕಿವಿಗೆ ರಬ್ಬರ್ ಮುದ್ರೆ ಗೊತ್ತಾಗಿಬಿಡುತ್ತದೆ. ಅದಕ್ಕೇ ಒಮ್ಮೆ ಒಂದು ಮುದ್ರಣ, ಇನ್ನೊಮ್ಮೆ ಇನ್ನೊಂದು.

ಇಪ್ಪತ್ತು ಪಿಟೀಲುಗಳ ಗುಟ್ಟು

ಒಂದು ಪಿಟೀಲಿನ ಮುದ್ರಣವನ್ನೇ ಇಪ್ಪತ್ತು ಪಟ್ಟು ಮಾಡಿದರೆ ಇಪ್ಪತ್ತು ಪಿಟೀಲಾಗುತ್ತದೆಯೇ? ಇಲ್ಲ, ಒಂದೇ ಪಿಟೀಲು ಜೋರಾಗಿ ಕೇಳುತ್ತದೆ ಅಷ್ಟೆ.

ನಿಮ್ಮ ಶಾಲೆಯ ಬೆಳಗಿನ ಪ್ರಾರ್ಥನೆಯನ್ನು ನೆನೆಯಿರಿ. ಎಲ್ಲರೂ ಒಟ್ಟಿಗೆ ಹಾಡುತ್ತೀರಿ. ಆದರೆ ಒಬ್ಬರು ಕೂದಲೆಳೆಯಷ್ಟು ಮುಂದೆ, ಒಬ್ಬರು ಹಿಂದೆ. ಒಬ್ಬರ ಸ್ವರ ಒಂದಿಷ್ಟು ಮೇಲೆ, ಒಬ್ಬರದು ಕೆಳಗೆ. ಈ ಸಣ್ಣ ಸಣ್ಣ ವ್ಯತ್ಯಾಸಗಳು ಬೆರೆತಾಗಲೇ ಗುಂಪಿನ ಹಾಡು ತುಂಬಿಕೊಂಡಂತೆ ಕೇಳುವುದು. ಒಬ್ಬ ಹುಡುಗ ಮೈಕಿನ ಮುಂದೆ ಎಷ್ಟೇ ಜೋರಾಗಿ ಹಾಡಿದರೂ ಅದು ಗುಂಪಿನ ಹಾಡಾಗದು.

ಆದ್ದರಿಂದ ವಾದ್ಯವೃಂದದ ನಾದ ಬೇಕಾದವರು ಇಡೀ ಗುಂಪನ್ನು ಕೂರಿಸಿ ಸ್ವರ ಸ್ವರವನ್ನೂ ಮುದ್ರಿಸುತ್ತಾರೆ. ಆಸ್ಟ್ರಿಯಾ ದೇಶದಲ್ಲಿ ಇದಕ್ಕಾಗಿಯೇ ಕಟ್ಟಿದ ನಿಶ್ಶಬ್ದ ಕೊಠಡಿಯಲ್ಲಿ ವರ್ಷಗಟ್ಟಲೆ ಮುದ್ರಣ ನಡೆದಿದೆ. ಒಂದು ಸ್ವರ, ಮೌನ. ಮತ್ತೆ ಒಂದು ಸ್ವರ, ಮೌನ. ಹಾಡಿಲ್ಲ, ಚಪ್ಪಾಳೆಯಿಲ್ಲ. ಕುರ್ಚಿ ಕಿರ್ ಎಂದರೆ ಮತ್ತೆ ಮೊದಲಿನಿಂದ! ಆ ಕಲಾವಿದರ ತಾಳ್ಮೆಯನ್ನು ನೀವೇ ಊಹಿಸಿ.

ನಮ್ಮೂರಿನ ತಂಬೂರಿ ಪೆಟ್ಟಿಗೆ

ಈಗ ಬೆಂಗಳೂರಿಗೆ ಬರೋಣ. ಶಾಸ್ತ್ರೀಯ ಸಂಗೀತಕ್ಕೆ ತಂಬೂರಿಯ ಶ್ರುತಿ ಬೇಕೇ ಬೇಕು. ಆದರೆ ತಂಬೂರಿ ದೊಡ್ಡದು. ಬಸ್ಸಿನಲ್ಲಿ ಒಯ್ಯುವುದು ಕಷ್ಟ, ಮೀಟಲು ಒಬ್ಬರು ಬೇಕು, ಹವೆ ಬದಲಾದರೆ ಶ್ರುತಿ ಇಳಿಯುತ್ತದೆ. ಬೆಂಗಳೂರಿನ ಎಚ್.ಎ.ಎಲ್.ನಲ್ಲಿ ಎಂಜಿನಿಯರ್ ಆಗಿದ್ದ ಜಿ. ರಾಜ್ ನಾರಾಯಣ್ ಅವರು ಕೊಳಲು ವಾದಕರೂ ಹೌದು. ಅವರು 1970ರ ದಶಕದ ಕೊನೆಯಲ್ಲಿ ರಾಡೆಲ್ ಎಂಬ ಸಂಸ್ಥೆ ಕಟ್ಟಿ, ವಿದ್ಯುತ್ತಿನಿಂದ ನುಡಿಯುವ ಶ್ರುತಿಪೆಟ್ಟಿಗೆ, ತಂಬೂರಿಗಳನ್ನು ತಯಾರಿಸಿದರು. ಇಂದು ಸಂಗೀತ ಪಾಠದ ಮನೆಗಳಲ್ಲಿ ಇಂಥ ಪೆಟ್ಟಿಗೆಗಳು ಮಾಮೂಲಾಗಿವೆ. ಮೊದಮೊದಲ ಪೆಟ್ಟಿಗೆಗಳಲ್ಲಿ ವಿದ್ಯುತ್ ಮಂಡಲವೇ ನಾದವನ್ನು ಹುಟ್ಟಿಸುತ್ತಿತ್ತು. ಮುಂದೆ ನಿಜವಾದ ತಂಬೂರಿಯ ನಾದವನ್ನು ಅಂಕಿಗಳಾಗಿ ಮುದ್ರಿಸಿಟ್ಟ ಯಂತ್ರಗಳೂ ಮೊಬೈಲಿನ ಆ್ಯಪ್‌ಗಳೂ ಬಂದವು.

ತಂಬೂರಿಯ ಕುದುರೆಯ ಮೇಲೆ, ತಂತಿಯ ಕೆಳಗೆ ಒಂದು ಎಳೆ ನೂಲು ಇಡುತ್ತಾರೆ. ಅದಕ್ಕೆ ಜೀವಾಳಿ ಎಂದು ಹೆಸರು. ಅದನ್ನು ಸರಿಯಾದ ಜಾಗಕ್ಕೆ ಸರಿಸಿದಾಗ ನಾದ ಝೇಂಕರಿಸುತ್ತದೆ. ಆ ಒಂದೆಳೆ ನೂಲಿನ ಫಲವೂ ಮುದ್ರಣದಲ್ಲಿ ಸೇರಿಕೊಳ್ಳುತ್ತದೆ!

ಯಂತ್ರಕ್ಕೆ ತಂಬೂರಿ ಬೇಗ ಒಲಿಯಿತು. ಏಕೆ? ತಂಬೂರಿಯ ಕೆಲಸವೇ ನಾಲ್ಕು ತಂತಿಗಳನ್ನು ಒಂದಾದ ಮೇಲೊಂದು, ಬದಲಾವಣೆ ಇಲ್ಲದೆ ನುಡಿಯುತ್ತಿರುವುದು. ಪಿಟೀಲಿನ ಕೆಲಸ ಹಾಗಲ್ಲ.

ಸ್ವರಗಳ ನಡುವೆ ಏನಿದೆ?

ರೈಲು ನಿಲ್ದಾಣದಲ್ಲಿ ಪ್ರಕಟಣೆ ಕೇಳಿದ್ದೀರಾ? ‘ಗಾಡಿ ಸಂಖ್ಯೆ... ಒಂದು... ಆರು... ಐದು...’ ಎಂದು ಪದ ಪದವನ್ನೂ ಬಿಡಿಯಾಗಿ ಮುದ್ರಿಸಿ ಜೋಡಿಸಿದಂತೆ ಕೇಳುತ್ತದೆ. ಅರ್ಥವಾಗುತ್ತದೆ, ಆದರೆ ಯಾರೂ ಮನೆಯಲ್ಲಿ ಹಾಗೆ ಮಾತಾಡುವುದಿಲ್ಲ. ನಾವು ಮಾತಾಡುವಾಗ ಒಂದು ಪದ ಇನ್ನೊಂದಕ್ಕೆ ಹರಿದು ಸೇರುತ್ತದೆ.

ಸಂಗೀತದಲ್ಲೂ ಸ್ವರದಿಂದ ಸ್ವರಕ್ಕೆ ಹರಿಯುವ ದಾರಿಯಿದೆ. ನಮ್ಮ ಸಂಗೀತದಲ್ಲಿ ಸ್ವರವನ್ನು ಜಾರಿಸುವುದು, ತೂಗುವುದು, ನಡುಗಿಸುವುದು, ಇವಕ್ಕೆಲ್ಲ ಗಮಕ ಎಂದು ಹೆಸರು. ಸುಮಾರು ಇನ್ನೂರು ವರ್ಷಗಳ ಹಿಂದೆ ಬಾಲುಸ್ವಾಮಿ ದೀಕ್ಷಿತರು ಪಾಶ್ಚಾತ್ಯ ಪಿಟೀಲನ್ನು ಕರ್ನಾಟಕ ಸಂಗೀತಕ್ಕೆ ತಂದಾಗ ಅದು ಇಲ್ಲಿ ಬೇರೂರಿದ್ದು ಏಕೆ ಗೊತ್ತೇ? ಪಿಟೀಲಿನಲ್ಲಿ ಮೆಟ್ಟಿಲುಗಳಿಲ್ಲ. ಬೆರಳು ತಂತಿಯ ಮೇಲೆ ಎಲ್ಲಿ ಬೇಕಾದರೂ ನಿಲ್ಲಬಹುದು, ಜಾರಬಹುದು. ಗಾಯಕರ ಕಂಠವನ್ನು ನೆರಳಿನಂತೆ ಹಿಂಬಾಲಿಸಬಹುದು. ಕೀಬೋರ್ಡಿನಲ್ಲಾದರೋ ಒಂದು ಸ್ಥಾಯಿಗೆ 12 ಮನೆಗಳು ಮಾತ್ರ.

ಈ ಕೊರತೆ ತುಂಬಲು ಸ್ಯಾಂಪಲ್ ಮಾಡುವವರು ಒಂದು ಸ್ವರದಿಂದ ಇನ್ನೊಂದಕ್ಕೆ ಹೋಗುವ ದಾರಿಯನ್ನೂ ಮುದ್ರಿಸತೊಡಗಿದರು. 40 ಸ್ವರಗಳಲ್ಲಿ ಒಂದೊಂದರಿಂದಲೂ 12 ಮೇಲಕ್ಕೆ, 12 ಕೆಳಕ್ಕೆ ಎಂದರೆ ಮತ್ತೆ 960 ದಾರಿಗಳು! ಕೀಬೋರ್ಡಿನಲ್ಲಿ ಸ್ವರವನ್ನು ಬಾಗಿಸುವ ಗಾಲಿಯೂ ಇರುತ್ತದೆ. ಆದರೂ ಒಂದೇ ಸ್ವರವನ್ನು ಒಂದು ರಾಗದಲ್ಲಿ ತೂಗುವಂತೆ ಇನ್ನೊಂದರಲ್ಲಿ ತೂಗುವುದಿಲ್ಲ. ಎಷ್ಟು ತೂಗಬೇಕು, ಯಾವಾಗ ನಿಲ್ಲಬೇಕು ಎಂಬುದನ್ನು ಕಲಾವಿದರು ಆ ಕ್ಷಣದಲ್ಲಿ, ಗಾಯಕರ ಮುಖ ನೋಡುತ್ತಾ ತೀರ್ಮಾನಿಸುತ್ತಾರೆ. ಹಿಂದೆಯೇ ಮುದ್ರಿಸಿಟ್ಟ ಪೆಟ್ಟಿಗೆಯಲ್ಲಿ ಈ ತೀರ್ಮಾನ ಇರಲು ಸಾಧ್ಯವೇ?

ನಮ್ಮ ಮೈಸೂರು ಟಿ. ಚೌಡಯ್ಯನವರನ್ನು (1895–1967) ನೋಡಿ. ದೊಡ್ಡ ಸಭೆಗೂ ಪಿಟೀಲು ತುಂಬಿ ಕೇಳಲೆಂದು ಅವರು ನಾಲ್ಕು ತಂತಿಗಳ ಜೊತೆಗೆ ಇನ್ನೂ ಮೂರು ಸೇರಿಸಿ ಏಳು ತಂತಿಯ ಪಿಟೀಲು ನುಡಿಸಿದರು. ಅವರ ನೆನಪಿಗೆ ಬೆಂಗಳೂರಿನಲ್ಲಿ ಪಿಟೀಲಿನ ಆಕಾರದ ಚೌಡಯ್ಯ ಸ್ಮಾರಕ ಭವನವೇ ಇದೆ. ನಾಲ್ಕು ತಂತಿಯ ಸ್ಯಾಂಪಲ್ ಎಷ್ಟೇ ಚೆನ್ನಾಗಿದ್ದರೂ ಅದರಿಂದ ಆ ಏಳು ತಂತಿಯ ನಾದ ಹೊರಡದು. ಮೊದಲು ಒಬ್ಬ ಮನುಷ್ಯ ಹೊಸದನ್ನು ಮಾಡಬೇಕು. ಯಂತ್ರ ಅದನ್ನು ಆಮೇಲೆ ನೆನಪಿಡಬಲ್ಲದು.

ಲಾಭವೇ? ನಷ್ಟವೇ?

ಸ್ಯಾಂಪಲ್‌ಗಳಿಂದ ಒಳ್ಳೆಯದಾಗಿದೆ. ಇಪ್ಪತ್ತು ಕಲಾವಿದರನ್ನು ಕರೆಸಲು ಹಣವಿಲ್ಲದವರೂ ಮನೆಯ ಕಂಪ್ಯೂಟರಿನಲ್ಲಿ ವಾದ್ಯವೃಂದದ ಸಂಗೀತ ರಚಿಸಬಹುದು. ಗಣೇಶೋತ್ಸವದ ಸಣ್ಣ ತಂಡವೂ ದೊಡ್ಡ ಹಾಡನ್ನು ನುಡಿಸಬಹುದು. ಆದರೆ ಒಂದು ಕಾಲದಲ್ಲಿ ಸಿನಿಮಾ ಹಾಡಿಗೆ ಸಾಲಾಗಿ ಕುಳಿತು ನುಡಿಸುತ್ತಿದ್ದ ಪಿಟೀಲು ವಾದಕರಿಗೆ ಕೆಲಸ ಕಡಿಮೆಯಾದದ್ದೂ ನಿಜ.

ಇನ್ನೊಂದು ವಿಷಯ. ಒಬ್ಬರು ನುಡಿಸಿದ್ದನ್ನು ಕೇಳದೆ ಮುದ್ರಿಸಿ ಬಳಸುವುದು ಸರಿಯೇ? ನಿಮ್ಮ ಚಿತ್ರವನ್ನು ಬೇರೆಯವರು ತಮ್ಮದೆಂದು ಸ್ಪರ್ಧೆಗೆ ಕಳಿಸಿದರೆ ಹೇಗಿರುತ್ತದೆ? ನಮ್ಮ ದೇಶದ 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಿದ್ದುಪಡಿ ತಂದು, ಹಾಡುವವರಿಗೂ ನುಡಿಸುವವರಿಗೂ ತಮ್ಮ ಪ್ರದರ್ಶನದ ಮೇಲೆ ಹಕ್ಕು ಕೊಡಲಾಗಿದೆ. ಅಂಕಿಯಾಗಿ ಬದಲಾದ ಮಾತ್ರಕ್ಕೆ ನಾದ ಯಾರದೂ ಅಲ್ಲದ ವಸ್ತುವಾಗುವುದಿಲ್ಲ.

ಮತ್ತೆ ಗೊಟ್ಟಿಗೆರೆಯ ಪೆಂಡಾಲಿಗೆ ಹೋಗೋಣ. ಪಿಟೀಲುಗಳೆಲ್ಲಿ ಎಂಬ ಪ್ರಶ್ನೆಗೆ ಈಗ ನಿಮ್ಮಲ್ಲಿ ಉತ್ತರವಿದೆ. ಅವು ಕೀಬೋರ್ಡಿನೊಳಗೆ ಅಂಕಿಗಳಾಗಿ ಕುಳಿತಿವೆ. ಆ ಅಂಕಿಗಳ ಹಿಂದೆ ರಾಳ ಸವರಿದ ಕಮಾನು ಹಿಡಿದ ಕೈಗಳಿವೆ. ಹಾಡು ಮುಗಿದಾಗ ಚಪ್ಪಾಳೆ ತಟ್ಟಿ. ಕೀಬೋರ್ಡ್ ನುಡಿಸಿದವರಿಗೂ ತಟ್ಟಿ, ಕಾಣದ ಆ ಕೈಗಳಿಗೂ ತಟ್ಟಿ.

ಯೋಚಿಸಿ, ಉತ್ತರಿಸಿ

1. ಒಂದು ಸ್ವರದ ಆವೃತ್ತಿ 220 ಹರ್ಟ್ಸ್. ಅದರ ಮುದ್ರಣವನ್ನು ಎರಡರಷ್ಟು ವೇಗದಲ್ಲಿ ಓಡಿಸಿದರೆ ಆವೃತ್ತಿ ಎಷ್ಟಾಗುತ್ತದೆ? 6 ಸೆಕೆಂಡಿನ ಮುದ್ರಣ ಎಷ್ಟು ಹೊತ್ತಿಗೆ ಮುಗಿಯುತ್ತದೆ?
2. ಸೆಕೆಂಡಿಗೆ 8,000 ಸಲ ಮಾತ್ರ ಅಳೆಯುವ ಯಂತ್ರ 5,000 ಹರ್ಟ್ಸ್‌ನ ನಾದವನ್ನು ಸರಿಯಾಗಿ ಹಿಡಿಯಬಲ್ಲದೇ? ಏಕೆ?
3. ಯಂತ್ರಕ್ಕೆ ತಂಬೂರಿಗಿಂತ ಪಿಟೀಲು ಏಕೆ ಕಷ್ಟ? ನಿಮ್ಮ ಮಾತಿನಲ್ಲಿ ಬರೆಯಿರಿ.
4. ನಿಮ್ಮ ಊರಿನಲ್ಲಿ ಪಿಟೀಲು, ವೀಣೆ ಅಥವಾ ಹಾರ್ಮೋನಿಯಂ ನುಡಿಸುವವರಿದ್ದರೆ ಶಿಕ್ಷಕರೊಂದಿಗೆ ಹೋಗಿ ಭೇಟಿ ಮಾಡಿ. ಸ ಮತ್ತು ರಿ ಸ್ವರಗಳನ್ನು ಮೊದಲು ಬಿಡಿಬಿಡಿಯಾಗಿ, ಆಮೇಲೆ ಸೇರಿಸಿ ನುಡಿಸಲು ವಿನಂತಿಸಿ. ನಡುವಿನ ದಾರಿ ಕೇಳಿಸಿತೇ? ಯಾವ ವಾದ್ಯದಲ್ಲಿ ಕೇಳಿಸಿತು, ಯಾವುದರಲ್ಲಿ ಕೇಳಿಸಲಿಲ್ಲ?

ಉತ್ತರ: 1. 440 ಹರ್ಟ್ಸ್, 3 ಸೆಕೆಂಡ್. 2. ಇಲ್ಲ. 5,000 ಹರ್ಟ್ಸ್‌ಗೆ ಸೆಕೆಂಡಿಗೆ 10,000ಕ್ಕಿಂತ ಹೆಚ್ಚು ಅಳತೆ ಬೇಕು. ಉಳಿದೆರಡಕ್ಕೆ ನಿಮ್ಮ ಕಿವಿಯೇ ಉತ್ತರ ಹೇಳಲಿ.